ಅಹರ್ಗಣವೂ ಗಣಕಯಂತ್ರವೂ

ಹಳ್ಳಿಯ ಹಿರಿಯರು ತಮ್ಮ ವಯಸ್ಸನ್ನು ಅಂಕಿಗಳಿಂದ ಹೇಳುವದು ಕಡಮೆ. ಪ್ಲೇಗು ಬಂದ ವರ್ಷ, ಬರ ಬಿದ್ದ ವರ್ಷ, ಕೆರೆ ಒಡೆದ ವರ್ಷ ಎಂದು ಊರೆಲ್ಲ ಕಂಡ ಒಂದು ಸಂಗತಿಯನ್ನು ಗೂಟವಾಗಿ ನೆಟ್ಟು, ಆ ಗೂಟಕ್ಕೆ ತಮ್ಮ ಬಾಳಿನ ಹಗ್ಗವನ್ನು ಕಟ್ಟಿ ಅಳೆದುಕೊಳ್ಳುವದು ಅವರ ಪದ್ಧತಿ. ಬೆಳಗಾವಿಯಿಂದ ಪೂರ್ವಕ್ಕೆ ಬಾಗಲಕೋಟೆಯ ಹಾದಿಯ ಮೇಲಿರುವ ಸಾಂಬ್ರಾ ಗ್ರಾಮದವರಿಗೆ ಇಂಥ ಗೂಟವೊಂದುಂಟು. ಅದು ವಿಮಾನದ ಬಯಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ನೆಯ ಇಸವಿಯಲ್ಲಿ, ಬ್ರಿಟಿಷರ ವಾಯುಸೇನೆಯವರು ಅಲ್ಲಿ ವಿಮಾನನಿಲ್ದಾಣವನ್ನು ಕಟ್ಟಿಸಿದರು. ಇಂದು ಬೆಳಗಾವಿಯ ವಿಮಾನನಿಲ್ದಾಣವೂ ಭಾರತೀಯ ವಾಯುಸೇನೆಯ ತರಬೇತಿಯ ಶಾಲೆಯೂ ಆ ಊರಿನ ಮಗ್ಗುಲಲ್ಲಿಯೇ ಇರುವವು.

ಆ ಊರಲ್ಲಿ ಒಬ್ಬ ಅಜ್ಜನಿದ್ದನು. ಯಾರಾದರೂ ವಯಸ್ಸನ್ನು ಕೇಳಿದರೆ ಆತನು ಬಯಲಿನ ಕಡೆಗೆ ಕೈಮಾಡಿ, “ಇಮಾನದ ಬೈಲು ಮಾಡೂ ಹೊತ್ತಿನ್ಯಾಗ ನಾ ಮಣ್ಣಿನ ಬುಟ್ಟಿ ಹೊರೂವಷ್ಟು ಹುಡುಗ ಇದ್ದೆ ನೋಡಪಾ” ಎನ್ನುತ್ತಿದ್ದನು. ಮಣ್ಣಿನ ಬುಟ್ಟಿ ಹೊರಬಲ್ಲ ಹುಡುಗನಿಗೆ ಹನ್ನೆರಡು-ಹದಿಮೂರು ವರ್ಷಗಳಾದರೂ ತುಂಬಿರಬೇಕು. ಶಾಲೆಯ ದಾಖಲೆಯಲ್ಲಿ ಆತನ ಜನ್ಮದಿನವು ೧೯೨೯ನೆಯ ಇಸವಿಯ ಜೂನ್ ೧ ಎಂದಿತ್ತು. ಹೀಗೆ ಬಾಯಿಮಾತಿಗೂ ಬರಹಕ್ಕೂ ತಾಳೆ ಬೀಳುತ್ತಿತ್ತು. ವೃದ್ಧಾಪ್ಯವೇತನವೂ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು. ೨೦೧೯ರ ಆಗಸ್ಟಿನಲ್ಲಿ ಜಿಲ್ಲೆಯನ್ನೆಲ್ಲ ತಲ್ಲಣಗೊಳಿಸಿದ ಮಹಾಪೂರವು ಇಳಿದ ತರುವಾಯ, ಒಂದು ಕಚೇರಿಯವರು ಹಳೆಯ ಕೈಬರಹದ ಯಾದಿಗಳನ್ನು ಗಣಕಯಂತ್ರದ ಕೋಷ್ಟಕಕ್ಕೆ, ಎಂದರೆ ಸ್ಪ್ರೆಡ್‌ಶೀಟಿಗೆ, ಏರಿಸಿದರು. ಮರುತಿಂಗಳಿನಿಂದ ಅಜ್ಜನ ವೇತನವು ನಿಂತಿತು. ಒಂದೇ ಯಾದಿಯಲ್ಲಿದ್ದ ಅಜ್ಜಿಯ ವೇತನವು ಮಾತ್ರ ಎಂದಿನಂತೆ ಬಂದಿತು.

ಮೊಮ್ಮಗನು ಒಂದು ಪತ್ತಿನ ಸೊಸಾಯಿಟಿಯಲ್ಲಿ ಲೆಕ್ಕ ಬರೆಯುವವನು. ಅವನು ಕಚೇರಿಗೆ ಹೋಗಿ ವಿಚಾರಿಸಲು ಅಲ್ಲಿಯ ಗುಮಾಸ್ತರು ಪರದೆಯನ್ನು ಅವನ ಕಡೆಗೆ ತಿರುಗಿಸಿ, “ನೋಡ್ರಿ, ನಾವೇನೂ ಮಾಡಿಲ್ರಿ, ಕಂಪ್ಯೂಟರ್ ಹಿಂಗ ತೋರಸಾಕತ್ತೈತಿ” ಎಂದರು. ಅಲ್ಲಿ ಅಜ್ಜನ ಹೆಸರಿನ ಮುಂದೆ ಜನ್ಮದಿನವು ೧-೬-೨೦೨೯ ಎಂದೂ, ಅದರ ಮುಂದಿನ ಮನೆಯಲ್ಲಿ ವಯಸ್ಸು ಋಣ ಹತ್ತು ಎಂದೂ ಕಂಡಿತು. ೬೫ ವರ್ಷ ದಾಟಿದವರನ್ನು ಮಾತ್ರ ಸೋಸಿ ತೆಗೆದ ಯಾದಿಯಲ್ಲಿ ಈ ಹುಟ್ಟದಿರುವ ವೃದ್ಧನು ಜಾರಿ ಬಿದ್ದಿದ್ದನು.

ಈ ಸುದ್ದಿಯನ್ನು ಕೇಳಿ ಅಜ್ಜನು ಮೊದಲು ನಕ್ಕನು. “ಹಂಗಾದ್ರ ನಾ ಹುಟ್ಟಾಕ ಇನ್ನ ಹತ್ತ ವರ್ಷ ಐತೇನ ತಮ್ಮಾ? ಮತ್ತ ನಿಮ್ಮಪ್ಪ ಯಾರ ಮಗಾ?” ಎಂದನು. ಒಲೆಯ ಮುಂದೆ ಕುಳಿತಿದ್ದ ಅಜ್ಜಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಆ ನಗೆಯು ಎರಡನೆಯ ತಿಂಗಳಿಗೆ ಉಳಿಯಲಿಲ್ಲ. ಅಜ್ಜನ ಎದೆಯ ಗುಳಿಗೆಗಳೂ ಕಣ್ಣಿನ ಔಷಧವೂ ಆ ಹಣದಿಂದಲೇ ಬರುತ್ತಿದ್ದವು. ಮೂರನೆಯ ತಿಂಗಳಲ್ಲಿ ಹಿತ್ತಲಿನ ಎರಡು ಆಡುಗಳನ್ನು ಮಾರಬೇಕಾಯಿತು.

ಯಂತ್ರವು ತಪ್ಪುವದಿಲ್ಲವೆಂಬ ನಂಬಿಕೆಯು ಈಗ ಮನೆಮನೆಯಲ್ಲಿಯೂ ಬೇರೂರಿರುವದರಿಂದ, ಇಂಥ ತಪ್ಪು ಎಲ್ಲಿಂದ ಹುಟ್ಟುವದೆಂಬದನ್ನು ತುಸು ವಿಸ್ತಾರವಾಗಿ ನೋಡುವದು ವಾಚಕರಿಗೆ ನಿರರ್ಥಕವೆನಿಸಲಾರದು.

ಸ್ಪ್ರೆಡ್‌ಶೀಟಿನ ಮನೆಯಲ್ಲಿ ಒಂದು ತಾರೀಖನ್ನು ಬರೆದಾಗ ಯಂತ್ರವು ಅದನ್ನು ತಾರೀಖೆಂದು ಇಟ್ಟುಕೊಳ್ಳುವದಿಲ್ಲ. ಒಂದು ಗೊತ್ತಾದ ಆದಿದಿನದಿಂದ ಆ ದಿನದ ವರೆಗೆ ಎಷ್ಟು ದಿನಗಳು ಸಂದವೆಂದು ಎಣಿಸಿ ಆ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುವದು. ಕೇಳಿದಾಗ ಅದನ್ನೇ ತಿರುಗಿ ದಿನ, ತಿಂಗಳು, ವರ್ಷಗಳ ವೇಷ ತೊಡಿಸಿ ತೋರಿಸುವದು. ಎರಡು ದಿನಗಳ ನಡುವಣ ಅಂತರವನ್ನು ಒಂದೇ ವ್ಯವಕಲನದಿಂದ ಹೇಳಲು ಇದರಿಂದ ಸಾಧ್ಯವಾಗುವದು. ಇದು ಹೊಸ ಉಪಾಯವೆಂದು ಯಾರೂ ಬೆರಗಾಗಬೇಕಾಗಿಲ್ಲ. ಜ್ಯೋತಿಷದ ಗ್ರಂಥಗಳಲ್ಲಿ ಇದಕ್ಕೆ ಅಹರ್ಗಣವೆಂದು ಹೆಸರು. ಅಹಸ್ಸೆಂದರೆ ದಿನ, ಗಣವೆಂದರೆ ಸಮೂಹ. ಗ್ರಹಗಳ ಸ್ಥಾನವನ್ನು ತಿಳಿಯಬೇಕಾದವನು ಮೊದಲು ಅಹರ್ಗಣವನ್ನು ಸಾಧಿಸಬೇಕು. ಹಾಗೆ ಸಾಧಿಸುವವನಿಗೆ ಸಂಸ್ಕೃತದಲ್ಲಿ ಗಣಕನೆಂದೇ ಹೆಸರು. ಇಂದಿನ ಯಂತ್ರಕ್ಕೆ ಗಣಕಯಂತ್ರವೆಂದು ಹೆಸರಿಟ್ಟವರು ಹಳೆಯ ಹೆಸರನ್ನೇ ಅದರ ಹಳೆಯ ಉದ್ಯೋಗದವನಿಗೆ ಮರಳಿ ಕೊಟ್ಟಂತಾಯಿತು.

ಎರಡೂ ಎಣಿಕೆಗಳನ್ನು ಮಗ್ಗುಲು ಮಗ್ಗುಲಲ್ಲಿ ಇಟ್ಟು ನೋಡಬಹುದು. ಕಲಿಯುಗದ ಆದಿಯು ಕ್ರಿಸ್ತಪೂರ್ವ ೩೧೦೨ನೆಯ ಇಸವಿಯ ಫೆಬ್ರವರಿ ೧೮, ಶುಕ್ರವಾರ ಎಂದು ಗಣಿತಜ್ಞರು ಹಿಡಿದಿರುವರು. ಅಲ್ಲಿಂದ ಭಾರತವು ಸ್ವತಂತ್ರವಾದ ೧೯೪೭ನೆಯ ಇಸವಿಯ ಆಗಸ್ಟ್ ೧೫ರ ವರೆಗೆ ಸಂದ ದಿನಗಳು ೧೮,೪೩,೯೪೭. ಇದನ್ನು ಏಳರಿಂದ ಭಾಗಿಸಿದರೆ ಶೇಷವುಳಿಯುವದಿಲ್ಲ. ಆದಕಾರಣ ಆ ದಿನವೂ ಶುಕ್ರವಾರವೇ. ಎಕ್ಸೆಲ್ ಎಂಬ ಸ್ಪ್ರೆಡ್‌ಶೀಟಿನಲ್ಲಿ ಅದೇ ದಿನದ ಸಂಖ್ಯೆ ೧೭,೩೯೪. ಏಳರಿಂದ ಭಾಗಿಸಿದರೆ ಉಳಿಯುವದು ಆರು. ಭಾನುವಾರವನ್ನು ಒಂದೆಂದು ಹಿಡಿದರೆ ಆರನೆಯದು ಶುಕ್ರವಾರ. ಎಕ್ಸೆಲಿನ ಸಂಖ್ಯೆಗೆ ೧೮,೨೬,೫೫೩ನ್ನು ಕೂಡಿಸಿದರೆ ಕಲಿಯ ಅಹರ್ಗಣವೇ ದೊರೆಯುವದು. ಗೂಟ ಬೇರೆ, ಹಗ್ಗ ಒಂದೇ.

ಹೀಗಿರಲು ಅಜ್ಜನ ಲೆಕ್ಕವೇಕೆ ತಪ್ಪಿತು? ಅದರ ಕಾರಣವು ಯಂತ್ರದೊಳಗಿಗಿಂತ ಮನುಷ್ಯನ ಲೇಖಣಿಯಲ್ಲಿ ಹೆಚ್ಚಾಗಿತ್ತು. ಕೈಬರಹದ ಯಾದಿಯಲ್ಲಿ ಹಿಂದಿನ ಗುಮಾಸ್ತರು ೧-೬-೨೯ ಎಂದು ಶತಮಾನವನ್ನು ಬಿಟ್ಟು ಬರೆದಿದ್ದರು. ಬರೆದವರಿಗೂ ಓದಿದವರಿಗೂ ಅದು ೧೯೨೯ ಎಂಬದು ಹೇಳದೆಯೇ ತಿಳಿಯುತ್ತಿತ್ತು, ಯಾಕಂದರೆ ಅಜ್ಜನು ಕೋಲೂರಿಕೊಂಡು ಅವರ ಮೇಜಿನ ಮುಂದೆಯೇ ನಿಂತಿದ್ದನು. ಯಂತ್ರದ ಮುಂದೆ ಅಜ್ಜನಿರಲಿಲ್ಲ. ಎರಡು ಅಂಕಿಗಳು ಮಾತ್ರ ಇದ್ದವು. ಎರಡೇ ಅಂಕಿಗಳು ಬಂದಾಗ ಎಕ್ಸೆಲ್ ಬಹುಕಾಲದಿಂದ ಅನುಸರಿಸಿದ ನಿಯಮವೇನೆಂದರೆ, ೦೦ರಿಂದ ೨೯ರ ವರೆಗಿನ ಅಂಕಿಗಳನ್ನು ೨೦೦೦ದಿಂದ ೨೦೨೯ ಎಂದೂ, ೩೦ರಿಂದ ೯೯ರ ವರೆಗಿನವುಗಳನ್ನು ೧೯೩೦ರಿಂದ ೧೯೯೯ ಎಂದೂ ತಿಳಿಯುವದು. ಈ ಗಡಿಯನ್ನು ಯಂತ್ರದ ಸಂಯೋಜನೆಯಲ್ಲಿ ಹಿಂದೆಮುಂದೆ ಸರಿಸಲು ಬರುವದಾದರೂ, ಗಡಿಯೊಂದಿದೆಯೆಂದು ತಿಳಿದವರೇ ವಿರಳ. ಅಜ್ಜಿಯ ಹೆಸರಿನ ಮುಂದೆ ೩೦ ಎಂದಿತ್ತು. ಒಂದೇ ವರ್ಷ ಚಿಕ್ಕವಳಾದುದರಿಂದ ಆಕೆಯು ಗಡಿಯ ಈಚೆಗೆ ವೃದ್ಧೆಯಾಗಿ ಉಳಿದಳು. ಆಕೆಯ ಗಂಡನು ಗಡಿಯ ಆಚೆಗೆ ಅಜಾತನಾದನು. ಅಜ್ಜನ ನಿಜವಾದ ಸಂಖ್ಯೆ ೧೦,೭೪೫ ಇರಬೇಕಾಗಿದ್ದುದು ೪೭,೨೭೦ ಎಂದಾಯಿತು. ಒಂದು ಮುದುಕನ ತಲೆಯ ಮೇಲೆ ೩೬,೫೨೫ ದಿನಗಳು, ಎಂದರೆ ಸರಿಯಾಗಿ ನೂರು ವರ್ಷಗಳು, ಸದ್ದಿಲ್ಲದೆ ದಾಟಿಹೋದವು.

ಎರಡು ಸಾವಿರದ ಇಸವಿಯು ಸಮೀಪಿಸಿದಾಗ ಲೋಕದ ಗಣಕಯಂತ್ರಗಳೆಲ್ಲ ಈ ಎರಡಂಕಿಯ ಬರವಣಿಗೆಯಿಂದಲೇ ಗೊಂದಲಕ್ಕೀಡಾಗುವವೆಂದು ದೊಡ್ಡ ಭೀತಿಯುಂಟಾಗಿತ್ತು. ಅಪಾರ ದುಡ್ಡನ್ನೂ ಶ್ರಮವನ್ನೂ ವೆಚ್ಚ ಮಾಡಿ ಅದನ್ನು ನಿವಾರಿಸಿದರು. ಆದರೆ ಶತಮಾನವನ್ನು ಬಿಟ್ಟು ಬರೆಯುವ ಕೈಯ ಅಭ್ಯಾಸವನ್ನು ಯಾರು ತಿದ್ದಬೇಕು? ರೋಗವು ಊರನ್ನು ಬಿಟ್ಟ ಮೇಲೆಯೂ ಅದರ ಬೀಜವು ಕಣಜದ ಮೂಲೆಯಲ್ಲಿ ಉಳಿಯುವಂತೆ, ಆ ಅಭ್ಯಾಸವು ಹಳೆಯ ಯಾದಿಗಳಲ್ಲಿ ಉಳಿದುಬಂದಿತು.

ಅಜ್ಜನ ವಿಷಯದಲ್ಲಿ ಯಂತ್ರವು ಮನುಷ್ಯನ ಕೊರತೆಯನ್ನು ತಪ್ಪಾಗಿ ತುಂಬಿಕೊಂಡಿತು. ಆದರೆ ಯಂತ್ರದ ಎಣಿಕೆಯ ಬುಡದಲ್ಲಿಯೇ ಇನ್ನೊಂದು ತಪ್ಪು ಇರುವದು. ಅದರ ಕಥೆಯು ವಿಚಿತ್ರವಾದದ್ದು. ಎಕ್ಸೆಲ್ ೧೯೦೦ನೆಯ ಇಸವಿಯ ಜನವರಿ ೧ನ್ನು ಒಂದೆಂದು ಹಿಡಿದು ಎಣಿಕೆಯನ್ನು ಆರಂಭಿಸುವದು. ಅದರ ಎಣಿಕೆಯಲ್ಲಿ ಅರುವತ್ತನೆಯ ದಿನವು ೧೯೦೦ನೆಯ ಇಸವಿಯ ಫೆಬ್ರವರಿ ೨೯. ಅಂಥ ದಿನವು ಲೋಕದಲ್ಲಿ ಉದಯಿಸಲೇ ಇಲ್ಲ! ೧೫೮೨ರಲ್ಲಿ ಪೋಪ್ ಗ್ರೆಗರಿಯವರ ಆಜ್ಞೆಯಿಂದಾದ ಪಂಚಾಂಗಸಂಸ್ಕಾರದ ಪ್ರಕಾರ, ಶತಮಾನದ ಕೊನೆಯ ವರ್ಷವು ನಾಲ್ಕುನೂರರಿಂದ ನಿಶ್ಶೇಷವಾಗಿ ಭಾಗವಾದರೆ ಮಾತ್ರ ಅಧಿಕದಿನವುಳ್ಳದ್ದು. ಆದುದರಿಂದ ೨೦೦೦ಕ್ಕೆ ಅಧಿಕದಿನವುಂಟು. ೧೭೦೦, ೧೮೦೦, ೧೯೦೦ ಇವುಗಳಿಗಿಲ್ಲ. ೧೯೮೩ರಲ್ಲಿ ಪ್ರಸಿದ್ಧಿಗೆ ಬಂದ ಲೋಟಸ್ ೧-೨-೩ ಎಂಬ ಸ್ಪ್ರೆಡ್‌ಶೀಟು ನಾಲ್ಕರಿಂದ ಭಾಗವಾಗುವ ವರ್ಷಗಳಿಗೆಲ್ಲ ಅಧಿಕದಿನವೆಂದು ಎಣಿಸಿ, ೧೯೦೦ಕ್ಕೂ ಒಂದು ದಿನವನ್ನು ಧಾರೆಯೆರೆಯಿತು. ಆಮೇಲೆ ಬಂದ ಎಕ್ಸೆಲಿನವರು, ಲೋಟಸ್ಸಿನಲ್ಲಿ ಬರೆದ ಲೆಕ್ಕಗಳು ತಮ್ಮಲ್ಲಿಯೂ ಅಂಕಿ ತಪ್ಪದೆ ನಡೆಯಬೇಕೆಂಬ ಉದ್ದೇಶದಿಂದ ಆ ತಪ್ಪನ್ನೂ ಜೊತೆಗೆ ಸ್ವೀಕರಿಸಿದರು. ತಪ್ಪೆಂದು ಅವರಿಗೆ ತಿಳಿಯದೆ ಇರಲಿಲ್ಲ. ಈಗ ತಿದ್ದಿದರೆ ಅದರ ಮೇಲೆ ಕಟ್ಟಿದ ಅಸಂಖ್ಯ ಲೆಕ್ಕಗಳೆಲ್ಲ ಒಂದೊಂದು ದಿನ ಕದಲುವವೆಂಬ ಅಂಜಿಕೆಯಿಂದ ಅದು ಇಂದಿನ ವರೆಗೂ ಹಾಗೆಯೇ ನಿಂತಿರುವದು.

ಈ ಇಲ್ಲದ ದಿನದಿಂದಾಗುವ ಬಾಧೆ ಸ್ವಲ್ಪ. ೧೯೦೦ನೆಯ ಇಸವಿಯ ಮಾರ್ಚ್ ೧ರಿಂದ ಈಚಿನ ದಿನಗಳಿಗೆ ವಾರಗಳೂ ಅಂತರಗಳೂ ಸರಿಯಾಗಿಯೇ ಬರುವವು. ಅದಕ್ಕೆ ಹಿಂದಿನ ಎರಡು ತಿಂಗಳುಗಳಲ್ಲಿ ಮಾತ್ರ ವಾರಗಳು ಒಂದು ದಿನ ಹಿಂದೆ ಬಿದ್ದಿರುವವು. ೧೯೦೦ನೆಯ ಇಸವಿಯ ಜನವರಿ ೧ ನಿಜವಾಗಿ ಸೋಮವಾರ. ಎಕ್ಸೆಲ್ ಅದನ್ನು ಭಾನುವಾರವೆಂದು ಹೇಳುವದು. ಲಿಬ್ರೆಆಫೀಸ್ ಎಂಬ ಇನ್ನೊಂದು ಸ್ಪ್ರೆಡ್‌ಶೀಟಿನವರು ಆ ಇಲ್ಲದ ದಿನವನ್ನು ಎಣಿಸದೆ, ತಮ್ಮ ಶೂನ್ಯದಿನವನ್ನೇ ೧೮೯೯ನೆಯ ಇಸವಿಯ ಡಿಸೆಂಬರ್ ೩೦ಕ್ಕೆ ಹಿಂದೂಡಿ, ಮಾರ್ಚ್ ೧ರಿಂದ ಎಕ್ಸೆಲಿಗೆ ಸಮನಾಗುವಂತೆ ಮಾಡಿಕೊಂಡರು.

ಇಲ್ಲಿ ಹಳೆಯ ಗಣಕರ ಪದ್ಧತಿಯನ್ನು ನೆನೆಯುವದು ಉಚಿತ. ಗಣೇಶ ದೈವಜ್ಞನು ಶಕ ೧೪೪೨ನ್ನು, ಎಂದರೆ ಕ್ರಿ. ಶ. ೧೫೨೦ನ್ನು, ಆದಿಯಾಗಿಟ್ಟು ರಚಿಸಿದ ‘ಗ್ರಹಲಾಘವ’ವು ಈ ಸೀಮೆಯ ಪಂಚಾಂಗಕರ್ತರಿಗೆ ಬಹುಕಾಲ ಕೈಪಿಡಿಯಾಗಿತ್ತು. ಅಹರ್ಗಣವು ಅತಿ ದೊಡ್ಡದಾಗಬಾರದೆಂದು ಆತನು ಹನ್ನೊಂದು ವರ್ಷಗಳಿಗೆ ೪೦೧೬ ದಿನಗಳ ಒಂದು ಚಕ್ರವನ್ನು ಕಲ್ಪಿಸಿ, ಚಕ್ರಗಳನ್ನು ಬೇರೆ ತೆಗೆದಿಟ್ಟು, ಉಳಿದ ದಿನಗಳನ್ನು ಮಾತ್ರ ಎಣಿಸುವ ಸುಲಭಮಾರ್ಗವನ್ನು ತೋರಿಸಿದನು. ತಿಥಿಗಳ ಕ್ಷಯವೃದ್ಧಿಗಳಿಂದ ಹೀಗೆ ಎಣಿಸಿದ ಅಹರ್ಗಣವು ಒಮ್ಮೊಮ್ಮೆ ಒಂದು ದಿನ ಹೆಚ್ಚಾಗಿಯೋ ಕಡಮೆಯಾಗಿಯೋ ಬರುವದುಂಟು. ಆದಕಾರಣ ಗಣಿತವಾದ ಮೇಲೆ ಏಳರಿಂದ ಭಾಗಿಸಿ ವಾರವನ್ನು ತೆಗೆದು, ಆ ದಿನದ ನಿಜವಾದ ವಾರದೊಡನೆ ಕೂಡದಿದ್ದರೆ ಒಂದನ್ನು ಕೂಡಿಸಿಯೋ ಕಳೆದೋ ಸರಿಪಡಿಸಿಕೊಳ್ಳಬೇಕೆಂಬದು ಗಣಕರ ಸಂಪ್ರದಾಯ. ತಾವು ಒಂದು ದಿನ ತಪ್ಪಬಹುದೆಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ಆದುದರಿಂದ ಲೆಕ್ಕದ ಹೊರಗೆ ಒಬ್ಬ ಸಾಕ್ಷಿಯನ್ನು ನಿಲ್ಲಿಸಿಕೊಂಡಿದ್ದರು. ವಾರವೆಂಬದು ಸಂತೆಗೆ ಹೋಗುವ ಮುದುಕಿಗೂ ಗೊತ್ತಿರುವ ಸಂಗತಿ. ಅದನ್ನು ಯಾವ ಗಣಿತವೂ ಮರೆಸಲಾರದು. ಸ್ಪ್ರೆಡ್‌ಶೀಟಿನಲ್ಲಿಯಾದರೋ ವಾರವನ್ನೂ ಅದೇ ಸಂಖ್ಯೆಯಿಂದಲೇ ತೆಗೆಯುವರು. ಸಂಖ್ಯೆಯು ತಪ್ಪಿದರೆ ವಾರವೂ ಅದರ ಬೆನ್ನು ಹತ್ತಿ ತಪ್ಪುವದು. ಆರೋಪಿಯನ್ನೇ ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದಂತೆ!

ಆದಿದಿನವೇ ಎರಡಾದರೆ ಬಾಧೆಯು ಇನ್ನೂ ದೊಡ್ಡದು. ಮ್ಯಾಕಿಂಟಾಷ್ ಯಂತ್ರಗಳ ಎಕ್ಸೆಲ್ ಬಹುಕಾಲದ ವರೆಗೆ ೧೯೦೪ನೆಯ ಇಸವಿಯ ಜನವರಿ ೧ರಿಂದ ಎಣಿಸುತ್ತಿತ್ತು. ಎರಡು ಎಣಿಕೆಗಳ ಅಂತರ ೧೪೬೨ ದಿನಗಳು, ಎಂದರೆ ನಾಲ್ಕು ವರ್ಷಗಳ ಮೇಲೆ ಒಂದು ದಿನ. ಒಂದು ಪದ್ಧತಿಯ ಕೋಷ್ಟಕದಿಂದ ಇನ್ನೊಂದಕ್ಕೆ ತಾರೀಖುಗಳನ್ನು ಎಚ್ಚರವಿಲ್ಲದೆ ನಕಲು ಮಾಡಿದರೆ ಎಲ್ಲ ಜನ್ಮದಿನಗಳೂ ಒಟ್ಟಾಗಿ ಅಷ್ಟು ಸರಿಯುವವು. ೨೦೨೨ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ವಾಯುಸೇನೆಗೆ ಸೇರುವ ತರುಣರಿಗೆ ಸಾಮಾನ್ಯವಾಗಿ ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷಗಳ ವಯೋಮಿತಿಯನ್ನು ವಿಧಿಸಿದರು. ಆ ಬಾಗಿಲಿನ ಅಗಲವು ಮೂರೂವರೆ ವರ್ಷ. ಜಾರುವಿಕೆಯು ನಾಲ್ಕು ವರ್ಷ. ಅಂಥ ತಪ್ಪೊಂದು ನುಸುಳಿದರೆ ಯೋಗ್ಯರಾದವರಲ್ಲಿ ಒಬ್ಬನೂ ಒಳಗೆ ಉಳಿಯಲಾರನು.

ದಿನವೂ ತಿಂಗಳೂ ಅದಲುಬದಲಾಗುವದು ಮತ್ತೊಂದು ಬಗೆ. ಈ ದೇಶದಲ್ಲಿ ದಿನವನ್ನು ಮೊದಲು ಬರೆಯುವರು. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವರು. ಯಂತ್ರವು ಅಮೆರಿಕದ ಸಂಪ್ರದಾಯಕ್ಕೆ ಹೊಂದಿಸಲ್ಪಟ್ಟಿದ್ದರೆ ೧-೬ ಎಂಬದನ್ನು ಜನವರಿ ೬ ಎಂದು ಓದುವದು. ೧೩-೬ ಎಂದು ಬಂದರೆ ಹದಿಮೂರನೆಯ ತಿಂಗಳಿಲ್ಲವಾದುದರಿಂದ ಅದನ್ನು ತಾರೀಖೆಂದೇ ಗಣಿಸದೆ, ಬರಿಯ ಅಕ್ಷರಗಳೆಂದು ಬಗೆದು ಮನೆಯ ಎಡಬದಿಗೆ ಸರಿಸಿ ಬಿಡುವದು. ಅದಾದರೂ ಒಳ್ಳೆಯದು, ಕಣ್ಣಿಗೆ ಕಾಣುವದು. ಹನ್ನೆರಡಕ್ಕೆ ಒಳಗಿನ ದಿನಗಳೇ ಅಪಾಯದವು. ವರ್ಷದಲ್ಲಿ ಹೀಗೆ ಎರಡು ಬಗೆಯಾಗಿ ಓದಬಹುದಾದ ತಾರೀಖುಗಳು ೧೪೪. ಅವುಗಳಲ್ಲಿ ದಿನ-ತಿಂಗಳುಗಳು ಒಂದೇ ಆಗಿರುವ ಹನ್ನೆರಡನ್ನು ಕಳೆದರೆ ಉಳಿದ ೧೩೨ ತಾರೀಖುಗಳು ಯಾರಿಗೂ ತಿಳಿಯದಂತೆ ವೇಷಮರೆಸಿಕೊಳ್ಳಬಲ್ಲವು.

ಜೂನ್ ೧ ಎಂಬ ತಾರೀಖು ಈ ಸೀಮೆಯಲ್ಲಿ ಸಾಮಾನ್ಯವಾದದ್ದಲ್ಲ. ಹಿಂದಿನ ತಲೆಮಾರಿನ ಎಷ್ಟೋ ಜನರ ಜನ್ಮದಿನವು ದಾಖಲೆಗಳಲ್ಲಿ ಜೂನ್ ಒಂದೇ ಆಗಿರುವದು. ಆ ದಿನ ಅಷ್ಟು ಶಿಶುಗಳು ಹುಟ್ಟಿದವೆಂದಲ್ಲ. ಜೂನಿನಲ್ಲಿ ಶಾಲೆಗಳು ಆರಂಭವಾಗುತ್ತಿದ್ದವು. ತಾಯಿತಂದೆಗಳು ಮಗುವಿನ ಕೈಹಿಡಿದು ತಂದು, “ಇಂವಾ ಸುಗ್ಗ್ಯಾಗ ಹುಟ್ಟ್ಯಾನ್ರಿ ಮಾಸ್ತರ” ಎಂದು ಹೇಳಿದರೆ, ರಜಿಸ್ಟರಿಗೆ ಸುಗ್ಗಿಯೆಂಬ ತಾರೀಖು ಸಾಲದಾದುದರಿಂದ, ಮಾಸ್ತರರು ಹುಡುಗನ ಹಲ್ಲನ್ನೂ ಎತ್ತರವನ್ನೂ ನೋಡಿ, ಆರು ವರ್ಷ ತುಂಬುವಂತೆ ಹಿಂದಕ್ಕೆಣಿಸಿ ಜೂನ್ ೧ ಎಂದು ಬರೆದುಕೊಳ್ಳುತ್ತಿದ್ದರು. ಹೀಗೆ ಕಾಗದದ ಮೇಲೆ ಒಂದೇ ದಿನ ಹುಟ್ಟಿದ ಊರೊಂದು ಯಂತ್ರಕ್ಕೆ ಸಿಕ್ಕಿ ಒಟ್ಟಾಗಿ ೧೪೬ ದಿನ ಹಿಂದೆ ಸರಿದು ಜನವರಿ ೬ರಂದು ಮತ್ತೆ ಹುಟ್ಟಬಹುದು. ತಪ್ಪಿನ ಆರಂಭವು ಯಂತ್ರದಿಂದಾಯಿತೆಂದು ಹೇಳಿದರೆ ಮಾಸ್ತರರ ಆತ್ಮವು ಮುಗುಳ್ನಗದೆ ಇರಲಾರದು.

ತಾರೀಖಲ್ಲದ್ದನ್ನು ತಾರೀಖೆಂದು ಭ್ರಮಿಸುವದೂ, ತಾರೀಖಾದದ್ದನ್ನು ಅಲ್ಲವೆನ್ನುವದೂ ಈ ಯಂತ್ರದಲ್ಲಿ ಉಂಟು. ಮನುಷ್ಯಶರೀರದ ವಂಶವಾಹಿಗಳಿಗೆ ವಿದ್ವಾಂಸರು ಕೊಟ್ಟ ಸಂಕ್ಷಿಪ್ತನಾಮಗಳಲ್ಲಿ ‘ಸೆಪ್ಟ್ ೧’, ‘ಮಾರ್ಚ್ ೧’ ಎಂಬವು ಇದ್ದವು. ಎಕ್ಸೆಲ್ ಅವುಗಳನ್ನು ಸಪ್ಟಂಬರ, ಮಾರ್ಚ್ ತಿಂಗಳುಗಳ ಮೊದಲ ದಿನಗಳಾಗಿ ಮಾರ್ಪಡಿಸುತ್ತಿತ್ತು. ಯಂತ್ರವನ್ನು ತಿದ್ದಲಾರದೆ ವಿದ್ವಾಂಸರು ೨೦೨೦ರಲ್ಲಿ ವಂಶವಾಹಿಗಳ ಹೆಸರುಗಳನ್ನೇ ಬದಲಿಸಿದರು! ಹೀಗೆ ತಾನಾಗಿ ಮಾರ್ಪಡಿಸುವದನ್ನು ನಿಲ್ಲಿಸುವ ಅವಕಾಶವನ್ನು ಮೈಕ್ರೋಸಾಫ್ಟಿನವರು ೨೦೨೩ರಲ್ಲಿ ಒದಗಿಸಿದರು. ಇತ್ತ ಈ ಜಿಲ್ಲೆಯ ಇತಿಹಾಸವನ್ನೇ ಕೋಷ್ಟಕದಲ್ಲಿ ಬರೆಯುವವನು, ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ಆರಂಭವಾದ ೨೬-೧೨-೧೯೨೪ ಎಂದು ಬರೆದರೆ ಎಕ್ಸೆಲ್ ಅದನ್ನು ೯೧೨೭ ಎಂದು ಗೌರವದಿಂದ ಇಟ್ಟುಕೊಳ್ಳುವದು. ಕಿತ್ತೂರಿನ ಯುದ್ಧದ ೨೩-೧೦-೧೮೨೪ ಎಂದು ಬರೆದರೆ ಅದೊಂದು ದಿನವೆಂದೇ ಒಪ್ಪುವದಿಲ್ಲ. ಅದರ ಕಾಲವು ೧೯೦೦ರಿಂದ ಈಚೆಗೆ ಆರಂಭವಾಗುವದು. ರಾಣಿ ಚೆನ್ನಮ್ಮನು ಅದರ ಸೃಷ್ಟಿಗೆ ಹಿಂದಿನವಳು.

ಹಿಂದಿನವರು ಕಾಲವನ್ನು ಬರೆದಿಟ್ಟ ಬಗೆಯನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಗೋವೆಯ ಕದಂಬರ ಶಾಸನವುಂಟು. ಅದರಲ್ಲಿ ವರ್ಷವನ್ನು ಕಲಿಯುಗದಿಂದ ಎಣಿಸಿ ೪೨೭೦ ಎಂದು ಹೇಳಿರುವರು. ಕಲಿವರ್ಷದಿಂದ ೩೧೭೯ನ್ನು ಕಳೆದರೆ ಶಕವರ್ಷ ೧೦೯೧ ದೊರೆಯುವದು, ಅರುವತ್ತು ಸಂವತ್ಸರಗಳ ಚಕ್ರದಲ್ಲಿ ಅದು ವಿರೋಧಿ ಸಂವತ್ಸರ, ಕ್ರಿಸ್ತಶಕದಲ್ಲಿ ೧೧೬೯. ಈ ನಾಡಿನ ಶಾಸನಗಳನ್ನು ಬರೆಸಿದವರು ಸಾಮಾನ್ಯವಾಗಿ ವರ್ಷದ ಸಂಖ್ಯೆಯೊಂದನ್ನೇ ನಂಬುತ್ತಿರಲಿಲ್ಲ. ಸಂಖ್ಯೆಯ ಜೊತೆಗೆ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಒಮ್ಮೊಮ್ಮೆ ಗ್ರಹಣ, ಸಂಕ್ರಾಂತಿಗಳನ್ನೂ ಕೆತ್ತಿಸುತ್ತಿದ್ದರು. ದಾನವನ್ನು ಆಚಂದ್ರಾರ್ಕವಾಗಿ ನಡೆಸಬೇಕಾದವರು ದಿನವನ್ನೂ ಹಲವು ಕಂಬಗಳ ಮೇಲೆ ನಿಲ್ಲಿಸಿದರು. ಒಂದಂಕಿ ಸವೆದರೂ ಉಳಿದವುಗಳಿಂದ ಅದನ್ನು ಮರಳಿ ಕಟ್ಟಬಹುದು. ಎರಡು ಒಂದಕ್ಕೊಂದು ಕೂಡದಿದ್ದರೆ ತಪ್ಪಿದೆಯೆಂಬದಾದರೂ ತಿಳಿಯುವದು. ಫ್ಲೀಟರೂ ಶಂಕರ ಬಾಲಕೃಷ್ಣ ದೀಕ್ಷಿತರೂ ಶಾಸನಗಳ ಕಾಲವನ್ನು ಪರೀಕ್ಷಿಸಿದ್ದು ಈ ಸಾಕ್ಷಿಗಳ ಬಲದಿಂದಲೇ. ಸಂಕ್ಷೇಪವೇ ಗುಣವೆಂದು ಭಾವಿಸಿದ ಈ ಕಾಲದವರು ಸಾಕ್ಷಿಗಳನ್ನೆಲ್ಲ ಮನೆಗೆ ಕಳಿಸಿ, ಶತಮಾನವನ್ನೂ ಬಿಟ್ಟು, ಐದು ಅಂಕಿಗಳ ಮೇಲೆ ಒಬ್ಬ ಮನುಷ್ಯನ ಬಾಳನ್ನು ನಿಲ್ಲಿಸಿದರು.

ಶಾಲೆಯ ದಾಖಲೆಯಲ್ಲಿ ಮಾತ್ರ ಹಳೆಯ ಎಚ್ಚರವು ಉಳಿದಿತ್ತು. ಅಲ್ಲಿ ಜನ್ಮದಿನವನ್ನು ಅಂಕಿಯಲ್ಲಿ ಬರೆದ ಮೇಲೆ ಮತ್ತೆ ಅಕ್ಷರಗಳಲ್ಲಿಯೂ ಬರೆಯುವ ನಿಯಮವುಂಟು. ಮೊಮ್ಮಗನು ಶಾಲೆಗೆ ಹೋಗಿ ಅಜ್ಜನ ದಾಖಲೆಯ ಉತಾರೆಯನ್ನು ತಂದನು. ಜೂನ್ ಒಂದನೆಯ ತಾರೀಖು, ಸಾವಿರದ ಒಂಬೈನೂರ ಇಪ್ಪತ್ತೊಂಬತ್ತನೆಯ ಇಸವಿ ಎಂದು ಅದರಲ್ಲಿ ಅಕ್ಷರಗಳಿದ್ದವು. ಆ ಅಕ್ಷರಗಳನ್ನು ನೂರು ವರ್ಷ ಮುಂದೆ ಸರಿಸುವ ಸಾಮರ್ಥ್ಯವು ಯಾವ ಯಂತ್ರಕ್ಕೂ ಇರಲಿಲ್ಲ. ಗುಮಾಸ್ತರು ಸಜ್ಜನರು; ಉತಾರೆಯನ್ನು ನೋಡಿ ನಾಲ್ಕಂಕಿಯ ವರ್ಷವನ್ನು ಬರೆದರು. ಋಣ ಹತ್ತು ಇದ್ದದ್ದು ಕಣ್ಣೆದುರಿಗೇ ತೊಂಬತ್ತಾಯಿತು. ಆಗ ಮೊಮ್ಮಗನು, “ಸಾಹೇಬ್ರ, ಸೊನ್ನೆಕ್ಕಿಂತ ಕಡಿಮಿ ವಯಸ್ಸು ಇದ್ದವರನ್ನ ಒಮ್ಮೆ ತಗದ ನೋಡ್ರಿ” ಎಂದನು. ಸೋಸಿ ನೋಡಲಾಗಿ ಇನ್ನೂ ಹುಟ್ಟದಿರುವ ಮುದುಕರು ಮತ್ತೆ ಕೆಲವರು ಆ ಯಾದಿಯಲ್ಲಿ ಕಂಡರು. ಅವರ ಮನೆಗಳಲ್ಲಿ ಲೆಕ್ಕ ತಿಳಿದ ಮೊಮ್ಮಕ್ಕಳಿರಲಿಲ್ಲ. ಅವರು ಕೇಳಲು ಬಂದಿರಲಿಲ್ಲ. ವೇತನವು ಸರಕಾರದಿಂದಲೇ ನಿಂತಿತೆಂದು ಸುಮ್ಮನಿದ್ದರು.

ಐದನೆಯ ತಿಂಗಳಿನಿಂದ ಅಜ್ಜನ ವೇತನವು ಮೊದಲಿನಂತೆ ಬರತೊಡಗಿತು. ನಿಂತುಹೋದ ನಾಲ್ಕು ತಿಂಗಳುಗಳ ಬಾಕಿಗಾಗಿ ಬೇರೆ ಅರ್ಜಿಯನ್ನು ಕೊಡಬೇಕಾಯಿತು. ಅರ್ಜಿಯ ಮೇಲಿನ ತಾರೀಖನ್ನು ಮೊಮ್ಮಗನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಕೆಳಗೆ ವಾರವನ್ನೂ ಸೇರಿಸಿದನು. ಕೆಲವು ಕಾಲದ ಮೇಲೆ ಬಾಕಿಯೂ ಬಂದಿತು. ಮಾರಿದ ಆಡುಗಳು ಮಾತ್ರ ಯಾವ ತಿದ್ದುಪಡಿಯಿಂದಲೂ ಹಿತ್ತಲಿಗೆ ಮರಳಲಿಲ್ಲ.

ಅಂದಿನಿಂದ ಮೊಮ್ಮಗನು ತನ್ನ ಸೊಸಾಯಿಟಿಯ ಕೋಷ್ಟಕಗಳಲ್ಲಿ ತಾರೀಖಿನ ಮನೆಯ ಮಗ್ಗುಲಿಗೆ ಇನ್ನೊಂದು ಮನೆಯನ್ನು ತೆರೆದನು. ಅದರಲ್ಲಿ ವಾರವನ್ನು ಯಂತ್ರದಿಂದ ಬರೆಸದೆ, ಮೂಲಕಾಗದವನ್ನು ನೋಡಿ ಕೈಯಿಂದಲೇ ಬರೆಯುವನು. ಎರಡೂ ಕೂಡದಲ್ಲಿ ನಿಂತು ವಿಚಾರಿಸುವನು. ಇದರಿಂದ ಕೆಲಸವು ತುಸು ತಡವಾಗುವದೆಂದು ಅವನ ಮೇಲಿನವರು ಒಮ್ಮೊಮ್ಮೆ ಗೊಣಗುವದುಂಟು.

ವೇತನವು ಬಂದ ದಿನ ಸಂಜೆ ಅವನು ಅಜ್ಜನ ಮುಂದೆ ಕುಳಿತು, “ಅಜ್ಜಾ, ನೀ ಹುಟ್ಟಿದ್ದು ಶನಿವಾರ ನೋಡು. ಕಂಪ್ಯೂಟರ್ನ್ಯಾಗ ಈಗ ಬರೋಬ್ಬರಿ ಬರತೈತಿ” ಎಂದು ಹೆಮ್ಮೆಯಿಂದ ಹೇಳಿದನು. ೧೯೨೯ನೆಯ ಇಸವಿಯ ಜೂನ್ ೧ ಶನಿವಾರವೆಂಬದು ನಿಜ. ಅದರಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲ.

ಅಜ್ಜನು ಬಯಲಿನ ಕಡೆಗೆ ನೋಡಿದನು. ವಿಮಾನವೊಂದು ಇಳಿಯುತ್ತಿತ್ತು. “ಶನಿವಾರೋ ಏನೋ ನನಗೇನ ಗೊತ್ತ ತಮ್ಮಾ,” ಎಂದನು. “ನಮ್ಮವ್ವ ಹೇಳತಿದ್ಲು, ಪಂಚಮಿ ಜೋಕಾಲಿ ಕಟ್ಟಿದ ದಿನಾ ಮಳಿಯಾಗ ನಾ ಹುಟ್ಟೀನಂತ.”

ನಾಗರಪಂಚಮಿಯು ಶ್ರಾವಣದ್ದು, ಅದು ಜೂನ್ ಒಂದಕ್ಕೆ ಎಂದಿಗೂ ಬರಲಾರದು. ಮೊಮ್ಮಗನು ಏನೋ ಹೇಳಲು ಹೋಗಿ ಸುಮ್ಮನಾದನು. ಕಾಗದವು ಶನಿವಾರವೆನ್ನಲಿ, ಮುಂದಿನ ಶ್ರಾವಣದಲ್ಲಿ, ಜೋಕಾಲಿಯ ಹಗ್ಗವು ಮರಕ್ಕೇರಿದ ದಿನ, ಆ ಮನೆಯಲ್ಲಿ ಅಜ್ಜನಿಗಾಗಿ ಹೋಳಿಗೆ ಮಾಡಿದರು.